ಒಂದೂಕಾಲಿಗೆ ಬಂದ ಕೂಗು

ಐಲಿವ್ ಮೂವತ್ತೊಂದು ವರ್ಷ ನಮ್ಮ ಕಣಿವೆಯ ರಸ್ತೆಗಳಿಗೆ ಮರಳು ಹಾಕಿದ. ಚಳಿಗಾಲ ಬಂತೆಂದರೆ ಬೆಳಗಿನ ನಾಲ್ಕಕ್ಕೆ ಪುರಸಭೆಯ ಲಾರಿ ಹತ್ತಿ, ಹಿಂದಿನಿಂದ ಮರಳು ಉದುರಿಸುತ್ತ ಕಣಿವೆಯ ಈ ತುದಿಯಿಂದ ಆ ತುದಿಗೆ ಹೋಗಿ ಬರುತ್ತಿದ್ದ. ಅವನ ಕಾಲದಲ್ಲಿ ಶಾಲೆಯ ಬಸ್ಸಾಗಲಿ ಹಾಲಿನ ಲಾರಿಯಾಗಲಿ ಒಮ್ಮೆಯೂ ಮಂಜುಗಡ್ಡೆಯ ಮೇಲೆ ಜಾರಿ ಹಳ್ಳಕ್ಕೆ ಬೀಳಲಿಲ್ಲ. ಪಾದ್ರಿಯ ಕಾರು ಒಂದು ಸಲ ಬಿತ್ತು, ಆದರೆ ಅದು ಜುಲೈ ತಿಂಗಳಲ್ಲಿ. ನಿವೃತ್ತನಾದ ದಿನ ಪುರಸಭೆಯವರು ಅವನಿಗೆ ಒಂದು ಗೋಡೆ ಗಡಿಯಾರ ಕೊಟ್ಟರು. ಅದನ್ನು ಅವನು ನೇರವಾಗಿ ನಮ್ಮ ಮನೆಗೆ ತಂದು ಮೇಜಿನ ಮೇಲಿಟ್ಟ.

"ನಮ್ಮನೇಲಿ ಆಗ್ಲೇ ಒಂದಿದೆ," ಅಂದ. "ಎರಡಾದ್ರೆ ಒಂದಕ್ಕೊಂದು ಜಗಳ ಶುರುವಾಗುತ್ತೆ. ನೀನೇ ಇಟ್ಕೋ."

ಅದನ್ನು ಅಡುಗೆಮನೆಯ ಕಿಟಕಿಯ ಪಕ್ಕ ತೂಗುಹಾಕಿದೆವು. ಆಗ ನಾವಿಬ್ಬರೂ ಮಾತಾಡುತ್ತಿದ್ದೆವು.

ಬೇರೆಯವರ ಕಾಲಿನ ಬಗ್ಗೆ ಇಷ್ಟೊಂದು ಚಿಂತೆ ಮಾಡುವ ಮನುಷ್ಯನನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಮದುವೆಗೆ ಹೋದರೆ ಎಲ್ಲರೂ ಹುಡುಗಿಯ ಮುಖ ನೋಡುತ್ತಾರೆ, ಇವನು ಅವಳ ಚಪ್ಪಲಿಯ ಹಿಮ್ಮಡಿ ನೋಡುತ್ತಾನೆ. ವಯಸ್ಸಿನಲ್ಲಿದ್ದಾಗ ಕೆಳಗಿನ ಊರಿನ ಒಬ್ಬಳ ಮೇಲೆ ಮನಸ್ಸಾಗಿ ನಾಲ್ಕು ಭಾನುವಾರ ಅವಳ ಮನೆಗೆ ಹೋದ. ನಾಲ್ಕನೆಯ ಭಾನುವಾರ ಅವಳ ಮನೆಯ ಮೆಟ್ಟಿಲಿಗೆ ಕೈಹಿಡಿಕೆ ಇಲ್ಲ ಎಂಬ ವಿಷಯವನ್ನು ಪ್ರಸ್ತಾಪಿಸಿದ. ಐದನೆಯ ಭಾನುವಾರ ಹಲಗೆ, ಮೊಳೆ, ಸುತ್ತಿಗೆಯೊಂದಿಗೆ ಹೋಗಿ ತಾನೇ ಹಾಕಿಕೊಟ್ಟ. ಅವಳು ಬೇರೆಯವನನ್ನು ಮದುವೆಯಾದಳು. ಕೈಹಿಡಿಕೆ ಇವತ್ತಿಗೂ ಗಟ್ಟಿಯಾಗಿದೆ, ಅವಳ ಮೊಮ್ಮಕ್ಕಳು ಅದರ ಮೇಲೆ ಕೂತು ಜಾರುತ್ತಾರೆ. ಇದು ಗೊತ್ತಾದಾಗ ಅವನಿಗೆ ಮದುವೆ ತಪ್ಪಿದ್ದಕ್ಕಿಂತ ಹೆಚ್ಚು ಬೇಸರವಾಯಿತು.

ನಮ್ಮದು ಬ್ರೆಕ್ಕೆ ಅಂತ ಐದು ಮನೆಯ ಊರು. ಎಲ್ಲವೂ ಇಳಿಜಾರಿನಲ್ಲಿವೆ, ನಡುವೆ ಹಳ್ಳ ಹರಿಯುತ್ತದೆ. ಹಳ್ಳದ ಆ ಕಡೆ ಮೇಲೆ ಐಲಿವ್‌ನ ಮನೆ, ಅದರ ಕೆಳಗೆ ಅವನ ಅಕ್ಕ ಗೂರೋಳ ಮನೆ. ಅವಳನ್ನು ಊರೆಲ್ಲ ಗೂರಕ್ಕ ಅನ್ನುತ್ತದೆ. ಹಳ್ಳದ ಈ ಕಡೆ ನಾನು ಮತ್ತು ನನ್ನ ಹೆಂಡತಿ ಮಾರ್ಗಿಟ್. ಉಳಿದ ಎರಡು ಮನೆಯವರು ಒಳ್ಳೆಯ ಜನ, ಅವರ ಬಗ್ಗೆ ಹೇಳಲು ಏನೂ ಇಲ್ಲ.

ಕ್ರಿಸ್ಮಸ್ಸಿನ ಬಿಯರನ್ನು ನಮ್ಮಲ್ಲಿ ಮನೆಯಲ್ಲೇ ಕಾಯಿಸುತ್ತಾರೆ. ಡಿಸೆಂಬರ್ ಇಪ್ಪತ್ತೊಂದು, ಸಂತ ಥಾಮಸನ ದಿನ, ಅದು ಲೋಟಕ್ಕೆ ಬರಬೇಕು. ಹಿಂದೆ ಇದಕ್ಕೆಂದೇ ಪ್ರತಿ ಮನೆಯಲ್ಲೂ ಒಂದು ಬೆಂಕಿಮನೆ ಇರುತ್ತಿತ್ತು. ಐಲಿವ್‌ನ ಬೆಂಕಿಮನೆ ಅವನ ಅಪ್ಪನ ಕಾಲದಲ್ಲಿ, ಬಿಯರು ಕಾಯಿಸುವಾಗಲೇ ಸುಟ್ಟುಹೋಯಿತು. ಅಂದಿನಿಂದ ಅವರ ಮನೆಯಲ್ಲಿ ಹಂಡೆ ಇಡುವುದು ಹೊರಗೆ, ಬಯಲಲ್ಲಿ, ಹಳ್ಳದ ಪಕ್ಕದ ಅಂಗಳದಲ್ಲಿ. ಎಷ್ಟೇ ಚಳಿಯಿರಲಿ, ಅಲ್ಲೇ. ಯಾಕೆ ಅಂತ ಕೇಳಿದರೆ ಐಲಿವ್, "ಅಲ್ಲಿ ಸುಡೋಕೆ ಏನೂ ಇಲ್ಲ" ಅನ್ನುತ್ತಿದ್ದ. ಅಲ್ಲಿ ಜಾರೋಕೆ ಬೇಕಾದಷ್ಟು ಇದೆ ಅಂತ ಅವನಿಗೂ ಗೊತ್ತಿತ್ತು. ಅದಕ್ಕೇ ಸೌದೆ ಕೊಟ್ಟಿಗೆಯ ಬಾಗಿಲ ಒಳಬದಿಯಲ್ಲಿ ಬಡಗಿ ಪೆನ್ಸಿಲಿನಿಂದ ನಿಯಮಗಳನ್ನು ಬರೆದಿಟ್ಟಿದ್ದ. ಕುತ್ತಿಗೆಗೆ ಮಫ್ಲರ್ ಕಟ್ಟಬಾರದು, ಬೆಂಕಿಗೆ ಜೋತುಬೀಳುತ್ತದೆ. ಕೋಟು ಮೊಳೆಗೆ. ಹೆಪ್ಪು ಹಾಕುವತನಕ ಒಂದು ತೊಟ್ಟೂ ಕುಡಿಯಬಾರದು. ಬಿಸಿ ಇರುವುದನ್ನು ಹೊತ್ತು ನಡೆಯಬಾರದು, ಸೌಟಿನಲ್ಲಿ ಎತ್ತಿ ಮರದ ಕಾಲುವೆಗೆ ಸುರಿದು ಹರಿಸಬೇಕು. ಮರಳು ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ. ಇನ್ನೂ ಏನೇನೋ ಇದ್ದವು. ಎಲ್ಲಕ್ಕಿಂತ ಕೆಳಗೆ, ಎರಡು ಗೆರೆ ಎಳೆದು: ಒಬ್ಬನೇ ಮಾಡಬಾರದು.

ಆ ಇನ್ನೊಬ್ಬ ಇಪ್ಪತ್ತೆರಡು ವರ್ಷ ನಾನಾಗಿದ್ದೆ.

ಕೆಲಸ ದೊಡ್ಡ ಬ್ರಹ್ಮವಿದ್ಯೆಯೇನಲ್ಲ. ಜೂನಿಪರ್ ಗಿಡದ ಕೊಂಬೆ ಹಾಕಿ ನೀರು ಕಾಯಿಸುವುದು, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ನುಚ್ಚನ್ನು ಆ ನೀರಲ್ಲಿ ಮರದ ತೊಟ್ಟಿಯಲ್ಲಿ ನೆನೆಸುವುದು, ಸಿಹಿ ನೀರನ್ನು ಬಸಿದು ತಾಮ್ರದ ಹಂಡೆಯಲ್ಲಿ ನಾಲ್ಕು ಗಂಟೆ ಕುದಿಸುವುದು, ಆಮೇಲೆ ಹಾಲಿನ ಕ್ಯಾನುಗಳಿಗೆ ತುಂಬಿ ಹಳ್ಳದಲ್ಲಿಟ್ಟು ಮೈ ಬಿಸಿಗಿಂತ ತುಸು ಹೆಚ್ಚಿನ ಹದಕ್ಕೆ ಆರಿಸಿ, ತೊಳೆದ ತೊಟ್ಟಿಗೆ ಮತ್ತೆ ಸುರಿಯುವುದು. ಕೊನೆಗೆ ಹೆಪ್ಪು, ಅಂದರೆ ಬಿಯರನ್ನು ಹುದುಗಿಸುವ ಯೀಸ್ಟು. ಐಲಿವ್‌ನ ಮನೆಯ ಹೆಪ್ಪು ಅವನ ಅಜ್ಜಿಯ ಅಜ್ಜಿಯ ಕಾಲದ್ದು. ಪ್ರತಿ ವರ್ಷ ಬಿಯರಿನ ನೊರೆಯಿಂದ ಸ್ವಲ್ಪ ತೆಗೆದು, ಮರದ ಬಳೆಗೆ ಮೆತ್ತಿ ಒಣಗಿಸಿ, ಮುಂದಿನ ವರ್ಷಕ್ಕೆ ಇಡುತ್ತಾರೆ. ಚರ್ಚಿನ ಬೈಬಲ್ಲು ಕಳೆದರೆ ಇನ್ನೊಂದು ತರಿಸಬಹುದು, ಹೆಪ್ಪು ಸತ್ತರೆ ಎಲ್ಲಿಂದ ತರುವುದು?

ಹೆಪ್ಪು ಹಾಕುವವನು ಹಾಕುವಾಗ ಕೂಗಬೇಕು. ಮಾತಲ್ಲ, ಬರೀ ಕೂಗು. ಹೊಟ್ಟೆಯಿಂದ ಬರಬೇಕು, ಎಷ್ಟು ಜೋರೋ ಬಿಯರು ಅಷ್ಟು ಜೋರು. ಮೆಲ್ಲಗೆ ಹಾಕಿದ ಹೆಪ್ಪು ಮಲಗೇ ಇರುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಡಿಸೆಂಬರಿನಲ್ಲಿ ಕಣಿವೆಯಲ್ಲಿ ಯಾರಾದರೂ ಗಂಟಲು ಹರಿದುಹೋಗುವಂತೆ ಅರಚಿದರೆ ಜನ ಕೆಲಸ ನಿಲ್ಲಿಸಿ ಕಿವಿಗೊಟ್ಟು, ತಲೆಯಾಡಿಸಿ, ಮತ್ತೆ ಕೆಲಸಕ್ಕೆ ತೊಡಗುತ್ತಾರೆ.

ಇಪ್ಪತ್ತೆರಡು ವರ್ಷದಲ್ಲಿ ಇಪ್ಪತ್ತೊಂದು ಸಲ ಕೂಗಿದವನು ಐಲಿವ್. ಇಪ್ಪತ್ತೆರಡನೆಯ ವರ್ಷ ಅವನು ಮರಳಿನ ಬಕೆಟ್ಟು ತರಲು ಕೊಟ್ಟಿಗೆಗೆ ಹೋದ. ಅಲ್ಲಿ ಬಕೆಟ್ಟಿನ ಹಿಡಿ ಸಡಿಲವಾಗಿದ್ದು ಕಂಡು ಅದನ್ನು ರಿಪೇರಿ ಮಾಡುತ್ತ ಕೂತ. ಇತ್ತ ತೊಟ್ಟಿ ಆರುತ್ತಿತ್ತು. ನಾನು ಎರಡು ಸಲ ಕರೆದೆ. ಬರಲಿಲ್ಲ. ಹದ ಮೀರುತ್ತದೆಂದು ನಾನೇ ಹೆಪ್ಪು ಸುರಿದು ಕೂಗಿದೆ.

ಆ ವರ್ಷ ಬಿಯರು ಚಪ್ಪೆಯಾಯಿತು. ಸಂತ ಥಾಮಸನ ದಿನ ಊರವರೆಲ್ಲ ಅವನ ಅಡುಗೆಮನೆಯಲ್ಲಿ ಲೋಟ ಹಿಡಿದು ಸುಮ್ಮನೆ ಕೂತಿದ್ದಾಗ ಐಲಿವ್ ಹೇಳಿದ, "ಬೆಕ್ಕು ಕರೆದ ಹಾಗೆ ಕೂಗಿದ್ರೆ ಇನ್ನೇನಾಗುತ್ತೆ?"

ಎಲ್ಲರೂ ನಕ್ಕರು. ಮಾರ್ಗಿಟ್ ಕೂಡ ನಕ್ಕಳು. ನಾನು ಲೋಟ ಕೆಳಗಿಟ್ಟು ಮನೆಗೆ ಬಂದೆ, ಆಮೇಲೆ ಹನ್ನೊಂದು ತಿಂಗಳು ಅವನೊಂದಿಗೆ ಮಾತಾಡಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಅನ್ನುತ್ತಾರೆ. ನನಗೆ ಆ ಮೂಗು ಬೇಕಾಗಿಯೂ ಇರಲಿಲ್ಲ. ಫೆಬ್ರವರಿಯಲ್ಲಿ ಅವನ ದಾರಿಯ ಹಿಮವನ್ನು ನನ್ನ ಟ್ರಾಕ್ಟರಿನಿಂದ ತೆಗೆದುಕೊಟ್ಟೆ, ಆದರೆ ಮುಖ ಬೇರೆ ಕಡೆ ತಿರುಗಿಸಿ. ಅವನೂ ನಮ್ಮ ಗೇಟಿನಿಂದ ಮೆಟ್ಟಿಲತನಕ ಮರಳು ಹಾಕಿ, ನಾನು ಏಳುವ ಮೊದಲೇ ಹೋಗಿಬಿಡುತ್ತಿದ್ದ. ಜಗಳ ಬೇರೆ, ಕಾಲು ಬೇರೆ.

ಹೀಗಾಗಿ ಆ ಡಿಸೆಂಬರಿನಲ್ಲಿ ಐಲಿವ್ ತನ್ನದೇ ಬಾಗಿಲ ಮೇಲೆ ತಾನೇ ಎರಡು ಗೆರೆ ಎಳೆದಿದ್ದ ನಿಯಮವನ್ನು ಮುರಿದು ಒಬ್ಬನೇ ಹಂಡೆ ಏರಿಸಿದ. ಅವನಿಗೆ ಆಗ ಎಪ್ಪತ್ತಮೂರು. ಗೂರಕ್ಕ ತಾನು ಬರುತ್ತೇನೆ ಅಂದಳಂತೆ. ಅವಳಿಗೆ ಎಪ್ಪತ್ತೆಂಟು, ಜಾರಿದರೆ ಏನು ಗತಿ ಅಂತ ಅವನೇ ಬೇಡ ಅಂದನಂತೆ.

ಅವತ್ತು ಗುರುವಾರ. ಮೈನಸ್ ಹದಿನಾರು, ಗಾಳಿಯಿಲ್ಲ. ಬೆಳಿಗ್ಗೆ ಆರಕ್ಕೆ ಅವನ ಅಂಗಳದಲ್ಲಿ ಹೊಗೆ ಎದ್ದಿತು. ನಾನು ಆ ಕಡೆ ನೋಡುತ್ತಿರಲಿಲ್ಲ, ಆದರೂ ಹತ್ತಕ್ಕೆ ಹೊಗೆಯ ಜೊತೆ ಬಿಳಿ ಹಬೆ ಏಳಲು ಶುರುವಾದದ್ದು ಕಂಡಿತು. ಅಂದರೆ ಹಂಡೆ ಕುದಿಯತೊಡಗಿತ್ತು. ಗುರುವಾರವಾದ್ದರಿಂದ ನಮ್ಮ ಮನೆಯಲ್ಲಿ ಆಲೂಗಡ್ಡೆ ಉಂಡೆ ಮತ್ತು ಉಪ್ಪು ಹಾಕಿದ ಕುರಿಮಾಂಸ. ಅಡುಗೆಯ ಹಬೆ ಹೋಗಲೆಂದು ಮಾರ್ಗಿಟ್ ಕಿಟಕಿಯನ್ನು ಒಂದು ಬೆರಳಷ್ಟು ತೆರೆದಿದ್ದಳು. ಊಟ ಮುಗಿಸಿ ಕಾಫಿಗೆ ಕೂತಿದ್ದೆವು. ಆಗ ಕೂಗು ಬಂತು.

ಉದ್ದನೆಯ ಕೂಗು. ಎದುರಿನ ಬೆಟ್ಟಕ್ಕೆ ಹೊಡೆದು ವಾಪಸು ಬಂತು.

"ಕೂಗಿದ ನೋಡು," ಅಂದಳು ಮಾರ್ಗಿಟ್. "ಈ ವರ್ಷ ಚೆನ್ನಾಗಿ ಕೂಗಿದ."

"ನನಗೆ ಕೇಳ್ಲಿ ಅಂತ ಕೂಗ್ತಿದಾನೆ."

"ನಿನಗೇ ಅಂತ ಯಾಕೆ? ಆ ಕಡೆ ಕಾಡಲ್ಲಿ ಜಿಂಕೆಗಳೂ ಇವೆ."

ಮತ್ತೊಂದು ಕೂಗು ಬಂತು, ಮೊದಲಿನದಕ್ಕಿಂತ ಜೋರು. ಸಾಮಾನ್ಯವಾಗಿ ಒಂದೇ ಸಲ ಕೂಗುವುದು. ಎರಡು ಸಲ ಕೂಗುವುದು ಬರೀ ಜಂಬ ಅನ್ನಿಸಿತು. ನಾನು ಎದ್ದು ಹೋಗಿ, ಆ ಕಡೆ ನೋಡದೆಯೇ ಕಿಟಕಿ ಮುಚ್ಚಿದೆ. ಚಿಲಕವನ್ನೂ ಹಾಕಿದೆ.

ಅಷ್ಟರಲ್ಲಿ ಗೂರಕ್ಕನ ಫೋನು ಬಂತು. ಮಾರ್ಗಿಟ್ ಎತ್ತಿದಳು. ಗೂರಕ್ಕನಿಗೆ ಕಿವಿ ಮಂದ, ಅದಕ್ಕೆ ಅವಳು ಎದುರಿಗಿರುವವರಿಗೂ ಕಿವಿ ಮಂದ ಅಂದುಕೊಂಡೇ ಮಾತಾಡುತ್ತಾಳೆ, ನನಗೂ ಎಲ್ಲ ಕೇಳಿಸಿತು.

"ಕೇಳಿಸ್ತೇನೇ? ನನ್ ಕಿವಿಗೇ ಕೇಳಿಸ್ತು ಅಂದ್ರೆ ನೋಡು. ನಮ್ಮಪ್ಪನೂ ಹೀಗೆ ಕೂಗಿದ್ದಿಲ್ಲ. ಶಭಾಷ್ ಅನ್ನೋಣ ಅಂತ ಅವನಿಗೆ ಎರಡು ಸಲ ಫೋನ್ ಮಾಡ್ದೆ, ಎತ್ತಲಿಲ್ಲ. ಕೈಯೆಲ್ಲ ಅಂಟಾಗಿರುತ್ತೆ, ಬಿಡು."

ಮಾರ್ಗಿಟ್ ಹೌದು ಹೌದು ಅಂದಳು. ನಾನು ಎರಡನೆಯ ಕಪ್ಪು ಕಾಫಿ ಬಗ್ಗಿಸಿಕೊಂಡು ಗಡಿಯಾರ ನೋಡಿದೆ. ಒಂದು ಇಪ್ಪತ್ತು.

ಮತ್ತೆ ನೋಡಿದೆ. ಹತ್ತಕ್ಕೆ ಕುದಿ ಬಂದಿದ್ದರೆ ಇಳಿಸುವುದು ಎರಡಕ್ಕೆ. ಹಳ್ಳದಲ್ಲಿಟ್ಟು ಆರಿಸಲು ಎಷ್ಟೇ ಚಳಿಯಿದ್ದರೂ ಎರಡೂವರೆ ಗಂಟೆ ಬೇಕು. ಹೆಪ್ಪು ಹಾಕುವುದು ನಾಲ್ಕೂವರೆಗೆ. ಇಪ್ಪತ್ತೆರಡು ವರ್ಷ ನಾನು ಲೆಕ್ಕ ಹಿಡಿದವನು, ಇದರಲ್ಲಿ ಹದಿನೈದು ನಿಮಿಷ ಆಚೀಚೆ ಆಗಬಹುದು, ಮೂರು ಗಂಟೆಯಲ್ಲ. ಈಗ ಹಾಕಿದ್ದಾನೆ ಅಂದರೆ ಕುದಿಯುವ ನೀರಿಗೆ ಹಾಕಿದ್ದಾನೆ. ಅಜ್ಜಿಯ ಅಜ್ಜಿಯ ಹೆಪ್ಪನ್ನು ಬೇಯಿಸಿಬಿಟ್ಟಿದ್ದಾನೆ. ಮುದುಕನಿಗೆ ಅರಳುಮರುಳು ಹಿಡಿದಿದೆ.

ಹೇಳಲು ನಾಚಿಕೆಯಾಗುತ್ತದೆ, ನನಗೆ ಬಹಳ ಸಂತೋಷವಾಯಿತು. ಹನ್ನೊಂದು ತಿಂಗಳಲ್ಲಿ ಅಷ್ಟು ಸಂತೋಷ ಆಗಿರಲಿಲ್ಲ. ಕಾಫಿಯನ್ನು ಕೊನೆಯ ಗುಟುಕಿನತನಕ ಕುಡಿದೆ. ಒಂದು ತುಂಡು ಕೇಕು ತಿಂದೆ. ಆಮೇಲೆ ಉಣ್ಣೆಯ ಕಾಲುಚೀಲ, ಮೇಲೆ ಬೂಟು, ಬೂಟಿನ ಮೇಲೆ ಜಾರದಂತೆ ಮೊಳೆಪಟ್ಟಿ, ಒಂದೊಂದಾಗಿ ಸಾವಕಾಶವಾಗಿ ಹಾಕಿಕೊಂಡೆ. ಸತ್ತ ಹೆಪ್ಪು ನೋಡಲು ಹೋಗುವವನಿಗೆ ಏನು ಅವಸರ?

"ಎಲ್ಲಿಗೆ?" ಅಂದಳು ಮಾರ್ಗಿಟ್.

"ಹೀಗೇ."

"ಹನ್ನೊಂದು ತಿಂಗಳಿಂದ ಹೀಗೇ ಅಂತ ಆ ಕಡೆ ಹೋಗಿರ್ಲಿಲ್ವಲ್ಲ."

"ಇವತ್ತು ಹೋಗ್ತೀನಿ."

ಹಲಗೆಯ ಸೇತುವೆ ದಾಟಿ ಮೇಲೆ ಹತ್ತುವಾಗ ಏನು ಹೇಳಬೇಕೆಂದು ಮನಸ್ಸಿನಲ್ಲೇ ಹೊಂದಿಸಿಕೊಂಡೆ. "ಬೆಕ್ಕು ಕರೆಯೋದಾದ್ರೂ ಹೊತ್ತು ನೋಡಿ ಕರೀಬೇಕು, ಐಲಿವ್." ಇಷ್ಟೇ. ಹೇಳಿ, ತಿರುಗಿ, ಮನೆಗೆ ಬರುವುದು. ದಾರಿಯಲ್ಲಿ ಇನ್ನೊಂದು ಕೂಗು ಕೇಳಿಸಿತು. ಅದು ಚಿಕ್ಕದಾಗಿತ್ತು, ಕೊನೆಯಲ್ಲಿ ಒಡೆಯಿತು. ಪಶ್ಚಾತ್ತಾಪ ಇರಬೇಕು ಅಂದುಕೊಂಡೆ.

ಕೊಟ್ಟಿಗೆಯ ಮೂಲೆ ತಿರುಗಿದಾಗ ಹಂಡೆ ಕುದಿಯುತ್ತಿತ್ತು. ಹಂಡೆಯಿಂದ ಎರಡು ಮಾರು ದೂರದಲ್ಲಿ ಐಲಿವ್ ಅಂಗಾತ ಬಿದ್ದಿದ್ದ. ಒಂದು ಕಾಲು ಕಾಲಿರಬೇಕಾದ ರೀತಿಯಲ್ಲಿ ಇರಲಿಲ್ಲ. ಬೆಂಕಿಯ ಕಡೆಯ ಕೆನ್ನೆ ಕೆಂಪಾಗಿತ್ತು, ಇನ್ನೊಂದು ಮೇಣದಂತೆ ಬೆಳ್ಳಗಿತ್ತು. ಪಕ್ಕದಲ್ಲಿ ನುಚ್ಚಿನ ತೊಟ್ಟಿ ಮಗ್ಗುಲಾಗಿತ್ತು. ಸುತ್ತ ನೆಲವೆಲ್ಲ ಗಾಜಿನಂತೆ ಹೊಳೆಯುತ್ತಿತ್ತು, ಆ ಗಾಜಿನ ಕೆಳಗೆ ಬೆಳಿಗ್ಗೆ ಹಾಕಿದ ಮರಳು ಸ್ವಚ್ಛವಾಗಿ ಕಾಣುತ್ತಿತ್ತು.

ನಾನು ನಿಂತುಬಿಟ್ಟೆ. ಮಾತಾಡಿದವನು ಅವನೇ.

"ಅಲ್ಲಿಂದ ನಿಧಾನಕ್ಕೆ ಬಾ," ಅಂದ. "ಮರಳಿನ ಮೇಲೆ ಐಸ್ ಕಟ್ಟಿದೆ."

ಹನ್ನೊಂದು ತಿಂಗಳ ಮೇಲೆ ಅವನು ನನಗೆ ಹೇಳಿದ ಮೊದಲ ಮಾತು ಅದು.

ಆದದ್ದೇನು ಅಂತ ಕೇಳಬೇಕಾಗಿರಲಿಲ್ಲ. ನುಚ್ಚು ತೆಗೆದ ಮೇಲೆ ತೊಟ್ಟಿ ತೊಳೆಯಬೇಕು. ತೊಳೆದ ನೀರನ್ನು ತೊಟ್ಟಿಯ ಸಮೇತ ಇಬ್ಬರು ಎರಡು ಕಡೆ ಹಿಡಿದು ಹಳ್ಳಕ್ಕೆ ಒಯ್ದು ಚೆಲ್ಲುವುದು ನಮ್ಮ ಪದ್ಧತಿ. ಒಬ್ಬನಿಂದ ಆ ತೊಟ್ಟಿ ಎತ್ತಲಾಗುವುದಿಲ್ಲ. ಅದಕ್ಕೆ ಅವನು ಅಲ್ಲೇ ಉರುಳಿಸಿದ್ದ, ನೀರು ಅಂಗಳದಲ್ಲಿ ಹರಡಿ ಐದು ನಿಮಿಷದಲ್ಲಿ ಹೆಪ್ಪುಗಟ್ಟಿತ್ತು. ಮಧ್ಯಾಹ್ನದ ಮರಳು ಹಾಕಲು ಬಕೆಟ್ಟಿಗೆಂದು ತಿರುಗಿದವನು ಜಾರಿದ. ತೊಟ್ಟಿಯ ಇನ್ನೊಂದು ಕಡೆಯ ಹಿಡಿ ಇಪ್ಪತ್ತೆರಡು ವರ್ಷ ನನ್ನ ಕೈಯಲ್ಲಿತ್ತು.

"ಮೊಬೈಲ್ ಎಲ್ಲಿ?" ಅಂದೆ.

"ಕೋಟಲ್ಲಿ. ಕೋಟು ಮೊಳೇಲಿ."

ಕೋಟು ನಿಯಮದ ಪ್ರಕಾರ ಅವನಿಂದ ಆರು ಅಡಿ ದೂರದ ಮೊಳೆಯಲ್ಲಿ ತೂಗುತ್ತಿತ್ತು. ಆಂಬುಲೆನ್ಸಿಗೆ ಫೋನು ಮಾಡಿದೆ. ನಲವತ್ತು ನಿಮಿಷ ಅಂದರು. ಮಾರ್ಗಿಟ್‌ಗೆ ಮಾಡಿದೆ. ಅವನ ಮೈ ನಡುಗುತ್ತಿರಲಿಲ್ಲ. ನಡುಕ ನಿಂತಮೇಲೇ ಚಳಿ ಅಪಾಯ ಅಂತ ಹಿಂದೆ ಅವನೇ ನನಗೆ ಹತ್ತು ಸಲ ಹೇಳಿದ್ದ. ಆಗ ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಇವನು ಇಲ್ಲೇ ನನ್ನ ಕಣ್ಣೆದುರು ಹೋಗಿಬಿಡುತ್ತಾನೆ ಅನ್ನಿಸಿತು.

"ಬೆಂಕಿಗೆ ಎರಡು ಕೊರಡು ಹಾಕು," ಅಂದ ಐಲಿವ್. ನಾಲಿಗೆ ಎಳೆಯುತ್ತಿತ್ತು.

"ಬೆಂಕಿ ಹಾಳಾಗ್ಲಿ."

"ಕುದಿ ನಿಂತ್ರೆ ಇಷ್ಟೂ ದಂಡ."

ಹಾಕಿದೆ. ಅವನಿಗೂ ಬೆಚ್ಚಗಾಗಲಿ ಅಂತ ಹಾಕಿದೆ. ಆಮೇಲೆ ಮನೆಯೊಳಗಿಂದ ಕುರಿಚರ್ಮ, ಕಂಬಳಿ ಎಲ್ಲ ಬಾಚಿಕೊಂಡು ಬಂದು ಅವನ ಮೇಲೆ ಹೊದಿಸಲು ಹೋದೆ.

"ಮೇಲಲ್ಲ ಕಣೋ, ಕೆಳಗೆ ಮೊದ್ಲು. ಚಳಿ ಬರೋದು ನೆಲದಿಂದ."

ಕೆಳಗೆ ಹಾಕಲು ಎತ್ತಿದರೆ ಮನುಷ್ಯ ಏಳಲಿಲ್ಲ. ಒದ್ದೆ ಪ್ಯಾಂಟು ನೆಲಕ್ಕೆ ಅಂಟಿಕೊಂಡು ಐಸಾಗಿತ್ತು. ಎಳೆದರೆ ಮುರಿದ ಮೂಳೆ ಏನಾಗುತ್ತದೋ. ನಾನು ಸುತ್ತ ನೋಡಿದೆ. ಬೆಳಗಿನ ಜೂನಿಪರ್ ನೀರು ಒಂದು ಪಾತ್ರೆಯಲ್ಲಿ ಉಳಿದು, ಬೆಂಕಿಯ ಅಂಚಿನಲ್ಲಿ ಉಗುರು ಬೆಚ್ಚಗಿತ್ತು. ಮೊಣಕೈ ಅದ್ದಿ ನೋಡಿ, ಸೌಟಿನಿಂದ ಸ್ವಲ್ಪ ಸ್ವಲ್ಪವೇ ಅವನ ಪ್ಯಾಂಟಿನ ಅಂಚಿಗೆ ಬಿಟ್ಟೆ. ಐಸು ಬಿಟ್ಟಿತು. ಕುರಿಚರ್ಮವನ್ನು ಇಂಚಿಂಚಾಗಿ ಒಳಗೆ ತುರುಕಿದೆ. ಒದ್ದೆ ಬಟ್ಟೆಯನ್ನು ಚಾಕುವಿನಿಂದ ಸೀಳಿ ತೆಗೆದು ಕಂಬಳಿ ಸುತ್ತಿದೆ. ಅವನ ಕೈ ತಿಕ್ಕಲು ಹೋದರೆ ಬೇಡ ಅಂದ. ಹಳೆಯ ಬಿಯರು ಒಂದು ಗುಟುಕು ಕೊಡಲೇ ಅಂದರೆ ಕಣ್ಣು ಬಿಟ್ಟು ನನ್ನನ್ನು ನೋಡಿದ.

"ಬಾಗಿಲ ಮೇಲೆ ಏನ್ ಬರ್ದಿದೆ?"

"ಹೆಪ್ಪು ಹಾಕೋವರ್ಗೂ ಕುಡೀಬಾರ್ದು."

"ಮತ್ತೆ?"

ಅಷ್ಟರಲ್ಲಿ ಮಾರ್ಗಿಟ್ ಮತ್ತು ಗೂರಕ್ಕ ಬಂದರು. ಗೂರಕ್ಕ ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ತನ್ನ ಶಾಲು ಹೊದಿಸಿ, ಅಳುತ್ತ ಬೈದಳು. "ನಾನು ಫೋನ್ ಮಾಡಿದ್ದೆ. ಎರಡು ಸಲ ಮಾಡಿದ್ದೆ. ಎತ್ತೋಕೇನಾಗಿತ್ತು ನಿನಗೆ?"

"ಕೈ ಅಂಟಾಗಿತ್ತು," ಅಂದ ಐಲಿವ್.

ನಡುಕ ಮತ್ತೆ ಶುರುವಾಯಿತು. ಹಲ್ಲು ಕಟಕಟ ಅನ್ನತೊಡಗಿದಾಗ ನನಗೆ ಅದಕ್ಕಿಂತ ಒಳ್ಳೆಯ ಸದ್ದು ಲೋಕದಲ್ಲಿ ಇಲ್ಲ ಅನ್ನಿಸಿತು. ಆಂಬುಲೆನ್ಸು ಬಂತು. ಅದರಿಂದ ಇಳಿದ ಹುಡುಗ ಮೂಗು ಅರಳಿಸಿ ಇದೇನು ಜೂನಿಪರ್ ವಾಸನೆ ಅಂತ ಕೇಳಿದ. ಸ್ಟ್ರೆಚರು ಎತ್ತುವ ಮೊದಲು ಐಲಿವ್ ಅವನ ಬೂಟು ನೋಡಿ, ಮೊಳೆಪಟ್ಟಿ ಇಲ್ಲದೆ ಯಾಕೆ ಬಂದೆ ಎಂದು ವಿಚಾರಿಸಿದ. ನಾನು ಮರಳು ಹಾಕಿದ ಮೇಲೇ ಎತ್ತಲು ಬಿಟ್ಟ.

ಬಾಗಿಲು ಮುಚ್ಚುವಾಗ ನನ್ನನ್ನು ಕರೆದ.

"ಮೂವತ್ತೊಂಬತ್ತು ಡಿಗ್ರಿಗೆ ಹಾಕು. ನಲವತ್ತು ಮೀರಬಾರ್ದು. ಹೆಪ್ಪು ನೆನೆಸಿ ಒಲೆ ಪಕ್ಕ ಇಟ್ಟಿದೀನಿ."

"ಆಯ್ತು."

"ಕೂಗು."

"ನಾನ್ ಕೂಗಿದ್ರೆ ಬೆಕ್ಕು ಕರೆದ ಹಾಗಿರುತ್ತಲ್ಲ."

ಅವನು ಆಂಬುಲೆನ್ಸಿನ ಚಾವಣಿ ನೋಡಿದ. "ಬೆಕ್ಕಾದ್ರೂ ಪರವಾಗಿಲ್ಲ," ಅಂದ.

ನಮ್ಮ ಕಡೆ ಇದಕ್ಕಿಂತ ದೊಡ್ಡ ಕ್ಷಮಾಪಣೆ ಚಾಲ್ತಿಯಲ್ಲಿಲ್ಲ.

ಅವತ್ತು ಉಳಿದ ಕೆಲಸವನ್ನು ಮೂವರೂ ಸೇರಿ ಮಾಡಿದೆವು. ಕ್ಯಾನುಗಳನ್ನು ಹಳ್ಳದಲ್ಲಿಟ್ಟೆವು. ಮಾರ್ಗಿಟ್ ಎರಡು ಬಕೆಟ್ಟು ಮರಳು ಹಾಕಿದಳು, ಗೂರಕ್ಕ ಆಸ್ಪತ್ರೆಗೆ ಫೋನು ಮಾಡುತ್ತಲೇ ಇದ್ದಳು. ಸೊಂಟದ ಹತ್ತಿರ ಮೂಳೆ ಮುರಿದಿದೆ, ಸ್ಕ್ರೂ ಹಾಕುತ್ತಾರೆ, ಜೀವಕ್ಕೆ ಭಯವಿಲ್ಲ ಅಂತ ನಾಲ್ಕಕ್ಕೆ ತಿಳಿಯಿತು. ಇನ್ನು ಅರ್ಧ ಗಂಟೆ ಕಳೆದಿದ್ದರೆ ಬೇರೆ ಮಾತಾಗಿತ್ತು ಅಂತ ಡಾಕ್ಟರು ಹೇಳಿದರಂತೆ. ನಾನು ಆ ಅರ್ಧ ಗಂಟೆಯಿಂದ ಕಾಫಿ, ಕೇಕು, ಕಾಲುಚೀಲ ಕಳೆಯುತ್ತ ಕೂತೆ.

ನಾಲ್ಕೂವರೆಗೆ ಕತ್ತಲಾಗಿತ್ತು. ಹದ ಮೂವತ್ತೊಂಬತ್ತಕ್ಕೆ ಬಂತು. ಹೆಪ್ಪು ಸುರಿದೆ. ಬಾಯಿ ತೆರೆದೆ. ಏನೂ ಬರಲಿಲ್ಲ. ಮಧ್ಯಾಹ್ನ ಕಿಟಕಿಯ ಚಿಲಕ ಹಾಕಿದ ಸದ್ದು ಮಾತ್ರ ಕಿವಿಯಲ್ಲಿತ್ತು. ಮತ್ತೆ ಪ್ರಯತ್ನಿಸಿದೆ. ಗಂಟಲಲ್ಲಿ ಗಾಳಿ ಆಡಿತು, ಅಷ್ಟೇ. ಹೆಂಗಸರಿಬ್ಬರೂ ಬೆಂಕಿಯ ಕಡೆ ನೋಡುತ್ತ ನಿಂತಿದ್ದರು. ತೊಟ್ಟಿಯ ಮೇಲೆ ಮುಚ್ಚಳ ಹಾಕಿ, ಕುರಿಚರ್ಮ ಹೊದಿಸಿದೆವು. ಅದು ಮಧ್ಯಾಹ್ನ ಅವನ ಕೆಳಗೆ ಹಾಸಿದ ಚರ್ಮವೇ.

ಸಂತ ಥಾಮಸನ ದಿನಕ್ಕೆ ಒಂದು ದಿನ ಮುಂಚೆ ಐಲಿವ್ ಮನೆಗೆ ಬಂದ. ಎರಡು ಊರುಗೋಲು, ಎರಡರ ತುದಿಗೂ ಉಕ್ಕಿನ ಮುಳ್ಳು. ಮರುದಿನ ಊರವರೆಲ್ಲ ಅವನ ಅಡುಗೆಮನೆಯಲ್ಲಿ ಸೇರಿದರು. ಲೋಟ ಬಾಯಿಗಿಟ್ಟವರು ಅದನ್ನು ಬರಿದು ಮಾಡಿಯೇ ಕೆಳಗಿಟ್ಟರು. ಅಂಥ ಬಿಯರು ಬ್ರೆಕ್ಕೆಯಲ್ಲಿ ಯಾರ ನೆನಪಿನಲ್ಲೂ ಆಗಿರಲಿಲ್ಲ. ಎರಡನೆಯ ಲೋಟಕ್ಕೆ ಗೂರಕ್ಕ ಹಾಡಲು ಶುರು ಮಾಡಿದಳು.

"ಆಗದೆ ಏನು?" ಅಂದಳು ಮಾರ್ಗಿಟ್. "ಆ ಕೂಗು ಕೇಳಿಸ್ಕೊಂಡವರಲ್ವಾ ನಾವು."

"ಮೂರು ಸಲ ಕೂಗಿದ," ಅಂದರು ಉಳಿದೆರಡು ಮನೆಯವರು. "ಮೂಳೆ ಮುರ್ಕೊಂಡು ಕೂಗಿದ್ದು ಅಂದ್ರೆ ಸುಮ್ನೇನಾ?"

ಮುಂದಿನ ವರ್ಷವೂ ಯಾರಾದರೂ ಸ್ವಲ್ಪ ಬಿದ್ದರೆ ಒಳ್ಳೆಯದು ಎಂಬ ಅಭಿಪ್ರಾಯ ಬಂತು. ಯಾರು ಎಂಬುದು ತೀರ್ಮಾನವಾಗಲಿಲ್ಲ.

ಎಲ್ಲರೂ ಹೋದಮೇಲೆ ನಾನು ಲೋಟ ತೊಳೆಯಲು ಉಳಿದೆ. ಐಲಿವ್ ಕಾಲು ಸ್ಟೂಲಿನ ಮೇಲಿಟ್ಟು ಕೂತಿದ್ದ.

"ನಾನು ಹೆಪ್ಪು ಹಾಕೋವಾಗ ಕೂಗ್ಲಿಲ್ಲ," ಅಂದೆ, ಅವನಿಗೆ ಬೆನ್ನು ಮಾಡಿಕೊಂಡೇ.

"ಕೂಗ್ಲಿಲ್ವಾ?"

"ಬರ್ಲಿಲ್ಲ."

"ಅದನ್ನ ಯಾರಿಗೂ ಹೇಳ್ಬೇಡ," ಅಂದ.

ಇನ್ನೊಂದು ಲೋಟ ತೊಳೆದೆ. ಅದನ್ನೇ ಎರಡು ಸಲ ತೊಳೆದೆ.

"ಐಲಿವ್, ಅವತ್ತು ನನಗೆ ಮೊದಲನೇ ಕೂಗೇ ಕೇಳಿಸಿತ್ತು. ಎರಡನೇದೂ ಕೇಳಿಸ್ತು. ನಾನು ಕಿಟಕಿ ಮುಚ್ಚಿದೆ. ಕಾಫಿ ಕುಡಿದೆ. ನೀನು ಹೆಪ್ಪು ಬೇಯಿಸ್ಬಿಟ್ಟೆ ಅಂತ, ಅದನ್ನ ನೋಡಿ ಖುಷಿಪಡೋಣ ಅಂತ ಬಂದೆ. ನಿನ್ನ ಉಳ್ಸೋಕೆ ಬಂದಿ‌ದ್ದಲ್ಲ."

"ಗೊತ್ತು."

"ಏನ್ ಗೊತ್ತು?"

"ಬಿದ್ದಲ್ಲಿಂದ ನಿಮ್ಮ ಅಡುಗೆಮನೆ ಕಿಟಕಿ ಕಾಣುತ್ತೆ. ನೀನು ಎದ್ದು ಬಂದು ಮುಚ್ಚಿದ್ದನ್ನ ನೋಡ್ದೆ."

ನಾನು ತಿರುಗಿ ಅವನನ್ನು ನೋಡಿದೆ. ಅಳು ಬಂದು ಕಣ್ಣು ಮಂಜಾಯಿತು, ಕೈಯಲ್ಲಿ ಸೋಪು ಇದ್ದುದರಿಂದ ಒರೆಸಿಕೊಳ್ಳಲಾಗಲಿಲ್ಲ.

"ನೋಡಿದ ಮೇಲೂ ಯಾಕೆ ಕೂಗಿದೆ?" ಅಂದೆ. "ಯಾರೂ ಬರಲ್ಲ ಅಂತ ಗೊತ್ತಾದ ಮೇಲೂ?"

"ಊರಿಗೆಲ್ಲ ಕೂಗು ಕೇಳ್ತು," ಅಂದ ಐಲಿವ್. "ಅಕ್ಕ ಶಭಾಷ್ ಅನ್ನೋಕೆ ಫೋನ್ ಮಾಡ್ತಿದ್ಲು, ಕೋಟಲ್ಲಿ ರಿಂಗ್ ಆಗ್ತಿತ್ತು. ಆದ್ರೆ ಇದು ಹೆಪ್ಪು ಹಾಕೋ ಹೊತ್ತಲ್ಲ ಅಂತ ಗೊತ್ತಿರೋನು ಈ ಊರಲ್ಲಿ ಒಬ್ನೇ. ಕಿಟಕಿ ಮುಚ್ಚಿದ್ರೆ ಮುಚ್ಚಲಿ, ಪಕ್ಕದಲ್ಲೇ ಗಡಿಯಾರ ಇದೆಯಲ್ಲ, ನೋಡೇ ನೋಡ್ತಾನೆ ಅಂದ್ಕೊಂಡೆ. ನೋಡಿದ್ರೆ ನನ್ನ ತಪ್ಪು ಹಿಡಿಯೋಕಾದ್ರೂ ಬಂದೇ ಬರ್ತಾನೆ."

ಊರುಗೋಲನ್ನು ಕೈಗೆತ್ತಿಕೊಂಡು ಅದರ ತುದಿಯ ಮುಳ್ಳು ಗಟ್ಟಿಯಾಗಿದೆಯೇ ಎಂದು ಅಲ್ಲಾಡಿಸಿ ನೋಡಿದ.

"ನೀನು ಸ್ವಲ್ಪ ತಡ ಮಾಡ್ದೆ," ಅಂದ. "ಅಷ್ಟೇ."

ನಾನು ಉಳಿದ ಲೋಟಗಳನ್ನು ತೊಳೆದು ಕವುಚಿಟ್ಟೆ. ಹೊರಡುವಾಗ ಕೊಟ್ಟಿಗೆಯಿಂದ ಬಕೆಟ್ಟು ತಂದು ಅವನ ಮೆಟ್ಟಿಲಿನಿಂದ ಹಲಗೆ ಸೇತುವೆಯತನಕ ಮರಳು ಹಾಕಿದೆ. ಅವನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದ. ಒಂದು ಕಡೆ ತೆಳ್ಳಗಾಯಿತು ಅಂತ ಊರುಗೋಲಿನಿಂದ ಗಾಜಿಗೆ ತಟ್ಟಿದ, ಹಿಂದಕ್ಕೆ ಹೋಗಿ ಅಲ್ಲಿಗೆ ಇನ್ನೊಂದು ಬೊಗಸೆ ಹಾಕಿದೆ.